ಕಳಿಸಿದ್ದು ಇಳಕಲ್ ಸೀರೆ, ವಾಪಸ್ ಬಂದಿದ್ದು ಯಾರದೋ ಹಳೆ ಸೀರೆ: ಸುಳ್ಳು ರಿಟರ್ನ್‌ಗೆ ಏನು ಮಾಡೋದು?

ಪ್ರಶ್ನೆ: ನಮಸ್ಕಾರ. ನಮ್ಮದು ಇಳಕಲ್. ಮನೆಯಲ್ಲಿ ಎರಡು ಕೈಮಗ್ಗ ಇವೆ. ಅಕ್ಕಪಕ್ಕದ ನೇಕಾರರಿಂದಲೂ ಸೀರೆ ತಗೊಂಡು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಒಂದು ದೊಡ್ಡ ಶಾಪಿಂಗ್ ಆಪ್‌ನಲ್ಲಿ ಅಂಗಡಿ ಇದೆ, ಇನ್‌ಸ್ಟಾಗ್ರಾಮ್‌ನಲ್ಲೂ ವ್ಯಾಪಾರ ಇದೆ. ಹೋದ ತಿಂಗಳು 3,200 ರೂಪಾಯಿಯ ಸೀರೆ ಕಳಿಸಿದ್ದೆ. ‘ಕ್ವಾಲಿಟಿ ಸರಿ ಇಲ್ಲ’ ಅಂತ ರಿಟರ್ನ್ ಹಾಕಿದರು. ವಾಪಸ್ ಬಂದ ಪ್ಯಾಕೆಟ್‌ನಲ್ಲಿ ಉಟ್ಟು ಹಳತಾದ ಪವರ್‌ಲೂಮ್ ಸೀರೆ ಇತ್ತು. ಫೋಟೋ ಹಾಕಿ ಕ್ಲೇಮ್ ಮಾಡಿದರೆ ‘ಸಾಕ್ಷಿ ಸಾಲದು’ ಅಂತ ಕ್ಲೋಸ್ ಮಾಡಿದರು. ಗ್ರಾಹಕರಿಗೆ ಹಣ ಆಗಲೇ ವಾಪಸ್ ಹೋಗಿದೆ. ಈ ವಾರ ಇನ್ನೊಬ್ಬರು ‘500 ರೂಪಾಯಿ ಕಳಿಸಿ, ಇಲ್ಲದಿದ್ದರೆ ಒಂದು ಸ್ಟಾರ್ ಹಾಕ್ತೀನಿ’ ಅಂತಿದ್ದಾರೆ. ಮಾರೋದೇ ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ ಅಕ್ಕಾ. ನಿಮಗೆ ಆಗಿದ್ದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಒಂದು ಕೈಮಗ್ಗದ ಸೀರೆಯ ಹಿಂದೆ ಎಷ್ಟು ದಿನದ ದುಡಿಮೆ ಇರುತ್ತದೆ ಅಂತ ಗೊತ್ತಿರುವ ಯಾರಿಗೂ ಇದನ್ನು ಓದಿ ಹೊಟ್ಟೆ ಉರಿಯದೆ ಇರುವುದಿಲ್ಲ. ಆದರೆ ನಿಮ್ಮ ಕ್ಲೇಮ್ ಬಿದ್ದುಹೋಗಿದ್ದು ನೀವು ಹೇಳಿದ್ದು ಸುಳ್ಳು ಅಂತ ಅಲ್ಲ. ಓದಿದವರಿಗೆ ಅದನ್ನು ನಂಬಲು ಕೈಗೆ ಏನೂ ಸಿಗಲಿಲ್ಲ, ಅಷ್ಟೇ. ಇದೊಂದು ಅರ್ಥವಾದರೆ ಮುಂದಿನ ಕೆಲಸ ಅರ್ಧ ಮುಗಿದಂತೆ.

ಕ್ಲೇಮ್ ನೋಡುವವರು ಎಲ್ಲೋ ಒಂದು ಆಫೀಸಿನಲ್ಲಿ ಕೂತಿರುತ್ತಾರೆ. ಎಷ್ಟೋ ಸಲ ಮೊದಲ ಸುತ್ತು ನೋಡುವುದು ಮನುಷ್ಯರೂ ಅಲ್ಲ, ಸಾಫ್ಟ್‌ವೇರ್. ಅವರು ಇಳಕಲ್ ಸೀರೆ ಉಟ್ಟವರಲ್ಲ, ಮುಟ್ಟಿದವರೂ ಅಲ್ಲ. ಅವರ ಮುಂದೆ ಎರಡು ಫೋಟೋ ಇರುತ್ತವೆ. ಎರಡರಲ್ಲೂ ಕೆಂಪು ಸೆರಗಿನ, ಗಾಢ ಬಣ್ಣದ ಒಂದು ಸೀರೆ. ನಿಮಗೆ ಹತ್ತು ಅಡಿ ದೂರದಿಂದಲೇ ಮಗ್ಗದ ಬಟ್ಟೆ ಯಾವುದು, ಮಿಷಿನ್ ಬಟ್ಟೆ ಯಾವುದು ಅಂತ ಗೊತ್ತಾಗುತ್ತದೆ. ಅವರಿಗೆ ಎರಡೂ ಒಂದೇ. ಜೊತೆಗೆ ಇನ್ನೊಂದು ಅನುಮಾನ ಅವರ ತಲೆಯಲ್ಲಿ ಇದ್ದೇ ಇರುತ್ತದೆ. ಮಾರುವವರೇ ಹಳೆ ಸೀರೆ ಹಾಕಿ ಕಳಿಸಿ, ಈಗ ಗ್ರಾಹಕರ ಮೇಲೆ ಹಾಕುತ್ತಿರಬಹುದಲ್ವಾ ಅಂತ. ಅಂಥ ಸೆಲ್ಲರ್‌ಗಳೂ ಇದ್ದಾರೆ, ಅವರಿಂದ ನಿಮ್ಮಂಥವರಿಗೆ ಏಟು.

ಮೊದಲು ಈಗಿನ ಕ್ಲೇಮ್ ವಿಷಯ ಮುಗಿಸೋಣ. ಕ್ಲೋಸ್ ಆಗಿದೆ ಅಂದರೆ ಸತ್ತುಹೋಗಿದೆ ಅಂತಲ್ಲ. ಅಮೆಜಾನ್‌ನಲ್ಲಿ ಸೇಫ್-ಟಿ ಕ್ಲೇಮ್ ಅನ್ನುತ್ತಾರೆ, ಫ್ಲಿಪ್‌ಕಾರ್ಟ್‌ನಲ್ಲಿ ಎಸ್‌ಪಿಎಫ್ ಅಂದರೆ ಸೆಲ್ಲರ್ ಪ್ರೊಟೆಕ್ಷನ್ ಫಂಡ್, ಮೀಶೋದಲ್ಲಿ ಸಪ್ಲೈಯರ್ ಪ್ಯಾನೆಲ್‌ನ ರಿಟರ್ನ್ಸ್ ಭಾಗದಲ್ಲೇ ಟಿಕೆಟ್ ಹಾಕಬೇಕು. ಹೆಸರು ಬೇರೆ, ನಡೆಯುವ ರೀತಿ ಹೆಚ್ಚುಕಡಿಮೆ ಒಂದೇ. ತಿರಸ್ಕಾರ ಆದ ಮೇಲೆ ಮತ್ತೆ ಕೇಳಲು ಸ್ವಲ್ಪ ದಿನ ಅವಕಾಶ ಇರುತ್ತದೆ. ಆ ಗಡುವು ಆಗಾಗ ಬದಲಾಗುತ್ತದೆ, ಹಾಗಾಗಿ ಯೂಟ್ಯೂಬ್ ವಿಡಿಯೋದಲ್ಲಿ ಯಾರೋ ಹೇಳಿದ ದಿನದ ಲೆಕ್ಕ ನಂಬಬೇಡಿ. ಇವತ್ತೇ ನಿಮ್ಮ ಪ್ಯಾನೆಲ್ ತೆಗೆದು ಈ ಕ್ಲೇಮ್‌ಗೆ ಎಷ್ಟು ದಿನ ಉಳಿದಿದೆ ಅಂತ ನೋಡಿ.

ಮತ್ತೆ ಕೇಳುವಾಗ ಹಳೆ ಮಾತನ್ನೇ ತಿರುಗಿ ಬರೆಯಬೇಡಿ. ‘ನಾವು ಬಡ ನೇಕಾರರು, ದಯವಿಟ್ಟು ನ್ಯಾಯ ಕೊಡಿ’ ಅಂತ ಬರೆದರೆ ಓದುವವರಿಗೆ ಮನಸ್ಸು ಕರಗಬಹುದು, ಆದರೆ ಅವರ ಫಾರ್ಮ್‌ನಲ್ಲಿ ಟಿಕ್ ಮಾಡಲು ಅದಕ್ಕೆ ಜಾಗ ಇಲ್ಲ. ಹೊಸ ಸಾಕ್ಷಿ ಕೊಡಿ. ನಿಮ್ಮ ಹತ್ತಿರ ವಿಡಿಯೋ ಇಲ್ಲ, ಸರಿ. ಆದರೆ ತೂಕ ಇದೆ.

ತೂಕದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಜಾಸ್ತಿ ಜನ ಇದನ್ನು ಬಳಸುವುದೇ ಇಲ್ಲ. ನಿಮ್ಮ ಪ್ಯಾಕೆಟ್ ಹೋಗುವಾಗ ಕೊರಿಯರ್ ಹಬ್‌ನಲ್ಲಿ ತೂಕ ಮಾಡುತ್ತಾರೆ, ಶಿಪ್ಪಿಂಗ್ ಚಾರ್ಜ್ ಹಾಕಲು. ಬರುವಾಗಲೂ ರಿವರ್ಸ್ ಶಿಪ್ಪಿಂಗ್ ಚಾರ್ಜ್‌ಗೆ ತೂಕ ಬೇಕು. ಚಾರ್ಜ್ ಸಾಮಾನ್ಯವಾಗಿ ಅರ್ಧ ಕೆಜಿಯ ಸ್ಲ್ಯಾಬ್‌ನಲ್ಲಿ ಇರುತ್ತದೆ. ಹೋಗುವಾಗ 620 ಗ್ರಾಂ, ಬರುವಾಗ 410 ಗ್ರಾಂ ಅಂತ ಇಟ್ಟುಕೊಳ್ಳಿ. ಮೊದಲನೆಯದು ಒಂದು ಕೆಜಿ ಸ್ಲ್ಯಾಬ್‌ಗೆ ಬೀಳುತ್ತದೆ, ಎರಡನೆಯದು ಅರ್ಧ ಕೆಜಿಗೆ. ನಿಮ್ಮ ಪೇಮೆಂಟ್ ರಿಪೋರ್ಟ್‌ನಲ್ಲಿ ಆ ಆರ್ಡರ್ ಹುಡುಕಿ, ಎರಡೂ ಕಡೆಯ ಚಾರ್ಜ್ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಇದ್ದರೆ ಅದು ನೀವು ಹುಟ್ಟಿಸಿದ ಸಾಕ್ಷಿ ಅಲ್ಲ, ಅವರದೇ ದಾಖಲೆ. ಒಂದು ಎಚ್ಚರ: ನೀವು ದೊಡ್ಡ ಪೆಟ್ಟಿಗೆಯಲ್ಲಿ ಕಳಿಸಿದ್ದರೆ ಚಾರ್ಜ್ ನಿಜವಾದ ತೂಕಕ್ಕೆ ಬಿದ್ದಿರುವುದಿಲ್ಲ, ಪೆಟ್ಟಿಗೆಯ ಗಾತ್ರಕ್ಕೆ ಬಿದ್ದಿರುತ್ತದೆ. ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಆಗ ಸ್ಲ್ಯಾಬ್ ನೋಡಿ ಏನೂ ಗೊತ್ತಾಗುವುದಿಲ್ಲ. ಹಬ್‌ನಲ್ಲಿ ದಾಖಲಾದ ನಿಜ ತೂಕ ಕೊಡಿ ಅಂತ ಟಿಕೆಟ್‌ನಲ್ಲಿ ನೇರವಾಗಿ ಕೇಳಬೇಕು. ಸೀರೆ ತೆಳುವಾದ ಕವರ್‌ನಲ್ಲಿ ಹೋದರೆ ಈ ತೊಂದರೆ ಕಡಿಮೆ.

ಬರೆಯುವ ರೀತಿ ಹೀಗಿರಲಿ: ಆರ್ಡರ್ ನಂಬರ್ ಇದು, ರಿಟರ್ನ್ ಟ್ರ್ಯಾಕಿಂಗ್ ನಂಬರ್ ಇದು. ಕಳಿಸಿದ್ದು ಕೈಮಗ್ಗದ ಸೀರೆ, ಬಣ್ಣ ಇದು, ದಡಿ ಇದು, ತೂಕ ಇಷ್ಟು. ಬಂದದ್ದು ಬಳಸಿದ ಪವರ್‌ಲೂಮ್ ಸೀರೆ, ತೂಕ ಇಷ್ಟು. ಫೋಟೋ ಒಂದರಲ್ಲಿ ಸೆರಗು ಮತ್ತು ಒಡಲು ಸೇರುವ ಜಾಗ ನೋಡಿ, ಫೋಟೋ ಎರಡರಲ್ಲಿ ಅದೇ ಜಾಗ ನೋಡಿ. ಇಷ್ಟು ಸಾಕು. ಐದಾರು ಸಾಲು. ಫೋಟೋ ಮೇಲೆ ಬಾಣದ ಗುರುತು ಹಾಕಿ. ಇಂಗ್ಲಿಷ್‌ನಲ್ಲಿ ಬರೆಯಲು ಕಷ್ಟ ಆದರೆ ಮಕ್ಕಳ ಹತ್ತಿರ ಬರೆಸಿ, ಆದರೆ ಉದ್ದ ಮಾಡಲು ಬಿಡಬೇಡಿ.

ಆ ಸೇರುವ ಜಾಗದ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸೇ (ಉದ್ದಕ್ಕೆ ಹೋಗುವ ಎಳೆಗಳು) ಬೇರೆ, ಸೆರಗಿನ ಹಾಸೇ ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಸೇರಿಸುತ್ತೀರಿ. ಕೈಯಲ್ಲಿ ಮಾಡಿದ ಆ ಸೇರಿಕೆ ಎರಡು ಸೀರೆಯಲ್ಲಿ ಪೂರ್ತಿ ಒಂದೇ ಥರ ಇರಲು ಸಾಧ್ಯವೇ ಇಲ್ಲ. ಒಂದು ಕಡೆ ಎಳೆ ಸ್ವಲ್ಪ ಬಿಗಿ, ಇನ್ನೊಂದು ಕಡೆ ಸಡಿಲ, ಎಲ್ಲೋ ಒಂದು ಸಣ್ಣ ಗಂಟು. ಅದು ಆ ಸೀರೆಯ ಬೆರಳಚ್ಚು. ಮಿಷಿನ್ ಬಟ್ಟೆ ಮಾರುವವರಿಗೆ ಈ ಅನುಕೂಲ ಇಲ್ಲ, ಅವರ ನೂರು ಸೀರೆಯೂ ಒಂದೇ ಅಚ್ಚು. ನಿಮ್ಮ ಕೈಕೆಲಸವೇ ನಿಮ್ಮ ದೊಡ್ಡ ಸಾಕ್ಷಿ, ಅದನ್ನು ಬಳಸಿ. ಇನ್ನು ಮುಂದೆ ಮಾಡಬೇಕಾದದ್ದರಲ್ಲಿ ಮೊದಲನೆಯದು ಫೋಟೋ. ಪ್ರತಿ ಸೀರೆ ಮಡಚುವ ಮೊದಲು ಆ ಕೊಂಡಿ ಸಾಲಿನ ಒಂದು ಗೇಣು ಭಾಗವನ್ನು ಹತ್ತಿರದಿಂದ ಫೋಟೋ ತೆಗೆಯಿರಿ. ಬೆಳಗಿನ ಬೆಳಕು, ಕಿಟಕಿ ಪಕ್ಕ, ಸೀರೆ ಮೇಲೆ ಒಂದು ಅಳತೆ ಪಟ್ಟಿ, ಪಕ್ಕದಲ್ಲಿ ಆರ್ಡರ್ ನಂಬರ್ ಬರೆದ ಚೀಟಿ. ದಡಿಯ ತುದಿಯದ್ದೂ ಒಂದು ಫೋಟೋ ಇರಲಿ, ದಡಿಯ ವಿನ್ಯಾಸ ಚಿಕ್ಕಿ ಪರಾಸ್ ಆಗಲಿ ಗೋಮಿ ಆಗಲಿ.

ಎರಡನೆಯದು ಸೀಲ್. ಒಂದು ಸಲ ಹಾಕಿದರೆ ಕತ್ತರಿಸದೆ ತೆಗೆಯಲಾಗದ, ಸೀರಿಯಲ್ ನಂಬರ್ ಇರುವ ಪ್ಲಾಸ್ಟಿಕ್ ಟ್ಯಾಗ್ ಸಿಗುತ್ತವೆ, ಸಗಟಿನಲ್ಲಿ ತಗೊಂಡರೆ ಅಗ್ಗ. ಬಟ್ಟೆಗೆ ತೂತು ಮಾಡಬೇಡಿ. ಸೆರಗಿನ ತುದಿಯಲ್ಲಿ ಬಿಟ್ಟ ಎಳೆಗಳ ಕುಚ್ಚಿನ ಸುತ್ತ ಹಾಕಿ. ಟ್ಯಾಗ್ ಎದ್ದು ಕಾಣುವಷ್ಟು ದೊಡ್ಡದಿರಲಿ, ಸೆರಗು ಹೊದ್ದರೆ ಭುಜದ ಮೇಲೆ ಕಾಣಬೇಕು. ಇದರಿಂದ ಎರಡು ಉಪಯೋಗ. ಸೀರೆ ಬದಲಾಯಿಸಿದರೆ ನಂಬರ್ ಹೇಳುತ್ತದೆ. ಮತ್ತೆ ಮದುವೆಗೆ ಉಟ್ಟು ಸೋಮವಾರ ರಿಟರ್ನ್ ಹಾಕುವವರಿಗೆ ಟ್ಯಾಗ್ ತೆಗೆಯದೆ ಉಡಲು ಆಗುವುದಿಲ್ಲ, ತೆಗೆದರೆ ಗೊತ್ತಾಗುತ್ತದೆ. ‘ಟ್ಯಾಗ್ ಕತ್ತರಿಸಿದರೆ ಇಷ್ಟವಾಗಲಿಲ್ಲ ಅನ್ನುವ ಕಾರಣಕ್ಕೆ ವಾಪಸ್ ಇಲ್ಲ’ ಅಂತ ಟ್ಯಾಗ್ ಮೇಲೆ ಕನ್ನಡ ಮತ್ತು ಇಂಗ್ಲಿಷ್‌ನಲ್ಲಿ ಬರೆಸಿ. ಆಪ್‌ನ ರಿಟರ್ನ್ ನಿಯಮವನ್ನು ಟ್ಯಾಗ್ ಬದಲಾಯಿಸಲ್ಲ, ನಿಜ. ಆದರೆ ‘ಬಳಸಿದ ಮಾಲು ವಾಪಸ್ ಬಂದಿದೆ’ ಅನ್ನುವ ಕ್ಲೇಮ್‌ಗೆ ಕತ್ತರಿಸಿದ ಟ್ಯಾಗ್‌ಗಿಂತ ಸ್ಪಷ್ಟ ಸಾಕ್ಷಿ ಕಡಿಮೆ. ಹ್ಯಾಂಡ್‌ಲೂಮ್ ಮಾರ್ಕ್ ಅಥವಾ ಸಿಲ್ಕ್ ಮಾರ್ಕ್ ಲೇಬಲ್ ಹಾಕುತ್ತಿದ್ದರೆ ಅದರ ನಂಬರ್ ಕೂಡ ಆರ್ಡರ್ ಜೊತೆ ಬರೆದಿಡಿ. ಬರೀ ಲೇಬಲ್ ನಂಬಿ ಕೂರಬೇಡಿ, ಲೇಬಲ್ ಬಿಚ್ಚಿ ಬೇರೆ ಸೀರೆಗೆ ಹಾಕಿ ಕಳಿಸುವವರೂ ಇದ್ದಾರೆ.

ಮೂರನೆಯದು ವಿಡಿಯೋ, ಎಲ್ಲರೂ ಹೇಳುವುದು ಇದನ್ನೇ. ಆದರೆ ಬರುವ ವಿಡಿಯೋಗಳಲ್ಲಿ ಹೆಚ್ಚಿನವು ಕೆಲಸಕ್ಕೆ ಬರುವುದಿಲ್ಲ, ಯಾಕಂದ್ರೆ ಪ್ಯಾಕೆಟ್ ಅರ್ಧ ತೆರೆದ ಮೇಲೆ ರೆಕಾರ್ಡಿಂಗ್ ಶುರು ಮಾಡಿರುತ್ತಾರೆ. ಪ್ಯಾಕೆಟ್ ಮುಚ್ಚಿರುವಾಗಲೇ ಶುರು ಮಾಡಿ. ಫೋನ್ ಸ್ಟ್ಯಾಂಡ್ ಮೇಲೆ ಇರಲಿ, ಎರಡೂ ಕೈ ಕಾಣಬೇಕು. ಮೊದಲು ಲೇಬಲ್ ಹತ್ತಿರ ಹಿಡಿದು ಟ್ರ್ಯಾಕಿಂಗ್ ನಂಬರ್ ಓದುವಷ್ಟು ಸ್ಪಷ್ಟವಾಗಿ ತೋರಿಸಿ. ಆಮೇಲೆ ಪ್ಯಾಕೆಟ್‌ನ ಎಲ್ಲ ಬದಿ, ಟೇಪ್, ಹರಿದ ಜಾಗ ಇದ್ದರೆ ಅದು. ಆಮೇಲೆ ತಕ್ಕಡಿ ಮೇಲೆ ಇಡಿ, ಅಂಕಿ ಕಾಣಲಿ. ಆಮೇಲೆ ಕತ್ತರಿಸಿ, ಒಳಗಿನದು ಹೊರಗೆ ತೆಗೆದು, ಖಾಲಿ ಕವರ್ ಒಳಗೂ ತೋರಿಸಿ. ಸೀರೆ ಬಿಚ್ಚಿ ಟ್ಯಾಗ್, ಕೊಂಡಿ ಸಾಲು, ದಡಿ. ಎಲ್ಲೂ ನಿಲ್ಲಿಸಬಾರದು, ಕಟ್ ಮಾಡಬಾರದು, ಸೀರೆ ಫ್ರೇಮ್‌ನಿಂದ ಹೊರಗೆ ಹೋಗಬಾರದು. ಪ್ಯಾಕಿಂಗ್ ಮಾಡುವಾಗಲೂ ಇದೇ ಕ್ರಮ, ಹಿಂದುಮುಂದಾಗಿ. ಎಲ್ಲ ಆರ್ಡರ್‌ಗೂ ಇಷ್ಟು ಮಾಡಲು ಪುರುಸೊತ್ತಿಲ್ಲ ಅಂದರೆ ಒಂದು ಬೆಲೆಯ ಮೇಲಿನ ಸೀರೆಗಳಿಗಾದರೂ ಮಾಡಿ. ರಿಟರ್ನ್ ಪ್ಯಾಕೆಟ್‌ಗೆ ಮಾತ್ರ ಯಾವ ವಿನಾಯಿತಿಯೂ ಬೇಡ, ಪ್ರತಿಯೊಂದಕ್ಕೂ ಮಾಡಿ.

ಫೈಲ್‌ಗೆ ಟ್ರ್ಯಾಕಿಂಗ್ ನಂಬರನ್ನೇ ಹೆಸರು ಕೊಟ್ಟು ಡ್ರೈವ್‌ಗೆ ಹಾಕಿ. ವಾಟ್ಸಾಪ್‌ನಲ್ಲಿ ಮನೆಯವರಿಗೆ ಕಳಿಸಿ ಅದನ್ನೇ ಉಳಿಸಿಕೊಳ್ಳಬೇಡಿ, ಅದು ಕುಗ್ಗಿದ ನಕಲು. ಮೂಲ ಫೈಲ್ ಬೇಕು. ಆರು ತಿಂಗಳಾದರೂ ಇಡಿ, ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

ಈಗ ನಿಮಗೆ ಇಷ್ಟವಾಗದ ಒಂದು ಮಾತು. ಸೀರೆ ಬದಲಾಯಿಸಿದ್ದು ಆ ಗ್ರಾಹಕರೇ ಅಂತ ನಿಮಗೆ ಖಾತ್ರಿ ಇದೆಯಾ? ಇರಬಹುದು, ಹೆಚ್ಚಿನ ಸಲ ಹಾಗೇ ಆಗುತ್ತದೆ. ಆದರೆ ಪ್ಯಾಕೆಟ್ ಅವರ ಮನೆಯಿಂದ ನಿಮ್ಮ ಮನೆಗೆ ಬರುವಷ್ಟರಲ್ಲಿ ಹಲವು ಕೈ ದಾಟುತ್ತದೆ. ಡೆಲಿವರಿ ಹುಡುಗ ಒಂದೇ ದಿನ ಹತ್ತಾರು ರಿಟರ್ನ್ ಎತ್ತುತ್ತಾನೆ. ಒಂದು ಮನೆಯ ಸೀರೆಗೆ ಇನ್ನೊಂದು ಮನೆಯ ಲೇಬಲ್ ಅಂಟುವುದು ಅಪರೂಪ ಅಲ್ಲ. ಬಾಗಿಲಲ್ಲಿ ಅವನು ಮಾಡುವ ಚೆಕ್ ಅಂದರೆ ಬಣ್ಣ, ಸಂಖ್ಯೆ, ಒಂದು ಫೋಟೋ, ಅಷ್ಟೇ. ಕೈಮಗ್ಗ ಯಾವುದು ಅಂತ ಅವನಿಗೆ ತಿಳಿಯಲಿ ಅಂತ ನಿರೀಕ್ಷೆ ಮಾಡೋದು ತಪ್ಪು. ಹಾಗಾಗಿ ಕ್ಲೇಮ್‌ನಲ್ಲಿ ‘ಗ್ರಾಹಕರು ಕಳ್ಳರು’ ಅಂತ ಬರೆಯಬೇಡಿ. ‘ನನಗೆ ತಲುಪಿದ್ದು ನಾನು ಕಳಿಸಿದ ಮಾಲು ಅಲ್ಲ’ ಅಂತ ಬರೆಯಿರಿ. ಯಾರು ಬದಲಾಯಿಸಿದರು ಅಂತ ಹುಡುಕುವುದು ಆಪ್‌ನವರ ಕೆಲಸ. ಹೀಗೆ ಬರೆದರೆ ನೀವು ಸಾಬೀತು ಮಾಡಬೇಕಾದದ್ದೂ ಕಡಿಮೆ.

ಆರ್‌ಟಿಒ (ರಿಟರ್ನ್ ಟು ಒರಿಜಿನ್, ಅಂದರೆ ಡೆಲಿವರಿ ಆಗದೆ ವಾಪಸ್ ಬಂದದ್ದು) ಬೇರೆ, ಕಸ್ಟಮರ್ ರಿಟರ್ನ್ ಬೇರೆ ಅನ್ನುವುದೂ ಇಲ್ಲೇ ಬರುತ್ತದೆ. ಗ್ರಾಹಕರು ತಗೊಳ್ಳದೆ ಹಾಗೇ ವಾಪಸ್ ಬಂದ ಪ್ಯಾಕೆಟ್‌ನಲ್ಲಿ ಮಾಲು ಬದಲಾಗಿದ್ದರೆ ಅದು ಕೊರಿಯರ್ ದಾರಿಯಲ್ಲಿ ಆದ ಕೆಲಸ. ಕ್ಲೇಮ್‌ನ ವಿಭಾಗ ತಪ್ಪು ಆರಿಸಿದರೆ ಅದಕ್ಕೇ ತಿರಸ್ಕಾರ ಆಗುತ್ತದೆ. ಇನ್ನೊಂದು, ರಿಟರ್ನ್ ತಂದವರು ಒಂದು ಚೀಲದಲ್ಲಿ ಎಂಟು ಪ್ಯಾಕೆಟ್ ತಂದು ಹತ್ತಕ್ಕೆ ಒಟಿಪಿ ಕೇಳುತ್ತಾರೆ, ನೀವು ಅಡುಗೆಮನೆಯಿಂದ ಓಡಿ ಬಂದು ಕೊಟ್ಟುಬಿಡುತ್ತೀರಿ. ಎಣಿಸಿ, ಒಂದೊಂದು ಲೇಬಲ್ ಹೊಂದಿಸಿ, ಆಮೇಲೆ ಒಟಿಪಿ. ಪ್ಯಾಕೆಟ್ ಹರಿದಿದ್ದರೆ ಅವರ ಎದುರೇ ಫೋಟೋ ತೆಗೆಯಿರಿ. ಅವರಿಗೆ ಅವಸರ ಇರುತ್ತದೆ, ಇರಲಿ.

ಹಾಗಂತ ಪ್ರತಿ ರಿಟರ್ನ್ ಹಿಂದೆಯೂ ಮೋಸ ಹುಡುಕಬೇಡಿ. ರಿಟರ್ನ್ ಹಾಕುವವರಲ್ಲಿ ಹೆಚ್ಚಿನವರು ನಿಮ್ಮ ನಮ್ಮ ಥರದವರೇ. ಬಣ್ಣ ಫೋಟೋದಲ್ಲಿ ಬೇರೆ ಕಂಡಿತ್ತು, ಸೀರೆ ದಪ್ಪ ಅನ್ನಿಸಿತು, ಅಮ್ಮನಿಗೆ ಹಿಡಿಸಲಿಲ್ಲ. ಕಾನೂನು ಕೂಡ ಅವರ ಪರ ಇದೆ. 2020ರ ಗ್ರಾಹಕ ರಕ್ಷಣೆ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾಲು ದೋಷ ಇದ್ದರೆ, ನಕಲಿ ಆಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ ಮಾರಾಟಗಾರರು ವಾಪಸ್ ತಗೊಳ್ಳಲ್ಲ, ಹಣ ಕೊಡಲ್ಲ ಅನ್ನುವಂತಿಲ್ಲ. ನಿಮ್ಮ ಇನ್‌ಸ್ಟಾಗ್ರಾಮ್ ಪೇಜ್‌ನಲ್ಲಿ ‘ನೋ ರಿಟರ್ನ್, ನೋ ರೀಫಂಡ್’ ಅಂತ ಬರೆದರೂ ಇದು ತಪ್ಪುವುದಿಲ್ಲ.

ಇಲ್ಲಿ ನಿಮ್ಮ ಲಿಸ್ಟಿಂಗ್ ಕೂಡ ಒಂದು ಸಲ ನೋಡಿಕೊಳ್ಳಿ. ಸೆರಗಿಗೆ ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ಹಾಕಿ, ಹೆಸರಿನಲ್ಲಿ ‘ಪ್ಯೂರ್ ಸಿಲ್ಕ್’ ಅಂತ ಹಾಕಿದರೆ ಗ್ರಾಹಕರು ಹೇಳುವುದೇ ಸರಿ, ಯಾವ ವಿಡಿಯೋ ಕೂಡ ನಿಮ್ಮನ್ನು ಉಳಿಸುವುದಿಲ್ಲ. ಸರ್ಚ್‌ನಲ್ಲಿ ಮೇಲೆ ಬರಲಿ ಅಂತ ಎಷ್ಟೋ ಜನ ಹೀಗೆ ಮಾಡುತ್ತಾರೆ. ಒಡಲಿನ ನೂಲು ಯಾವುದು, ಸೆರಗಿನದು ಯಾವುದು, ಜರಿ ಯಾವುದು, ಉದ್ದ ಎಷ್ಟು, ಬ್ಲೌಸ್ ಪೀಸ್ ಇದೆಯಾ ಇಲ್ಲವಾ, ತೂಕ ಎಷ್ಟು ಅಂತ ಬಿಡಿಸಿ ಬರೆಯಿರಿ. ಕೈಮಗ್ಗದಲ್ಲಿ ಸಣ್ಣ ಗಂಟು, ಎಳೆ ವ್ಯತ್ಯಾಸ ಸಹಜ ಅಂತ ಒಂದು ಹತ್ತಿರದ ಫೋಟೋ ಸಮೇತ ಹಾಕಿ. ‘ಡ್ಯಾಮೇಜ್ ಇದೆ’ ಅಂತ ಬರುವ ರಿಟರ್ನ್‌ಗಳಲ್ಲಿ ಒಂದಷ್ಟು ಇದರಿಂದಲೇ ನಿಲ್ಲುತ್ತವೆ.

500 ರೂಪಾಯಿ ಕೇಳುತ್ತಿರುವವರ ವಿಷಯ. ಕೊಡಬೇಡಿ. ಒಂದು ರೂಪಾಯಿಯೂ ಆಪ್‌ನ ಹೊರಗೆ ಕಳಿಸಬೇಡಿ. ಫೋನ್‌ನಲ್ಲಿ ಮಾತಾಡಬೇಡಿ, ಅವರು ಫೋನ್ ಮಾಡಿದರೆ ‘ದಯವಿಟ್ಟು ಮೆಸೇಜ್ ಮಾಡಿ’ ಅಂತ ಹೇಳಿ ಇಟ್ಟುಬಿಡಿ. ಬರವಣಿಗೆಯಲ್ಲಿ ಇರಬೇಕು. ಉತ್ತರ ಮರ್ಯಾದೆಯಿಂದಲೇ ಇರಲಿ: ‘ಸೀರೆಯಲ್ಲಿ ತೊಂದರೆ ಇದ್ದರೆ ರಿಟರ್ನ್ ಹಾಕಿ ಮೇಡಂ, ಪೂರ್ತಿ ಹಣ ವಾಪಸ್ ಬರುತ್ತದೆ. ತೊಂದರೆ ಎಲ್ಲಿದೆ ಅಂತ ಟ್ಯಾಗ್ ನಂಬರ್ ಕಾಣುವಂತೆ ಒಂದು ಚಿಕ್ಕ ವಿಡಿಯೋ ಕಳಿಸಿ.’ ನಿಜವಾದ ತೊಂದರೆ ಇರುವವರು ಬೇಗ ಕಳಿಸುತ್ತಾರೆ. ಸುಮ್ನೆ ದುಡ್ಡಿಗೆ ಬಂದವರು ಮತ್ತೆ ಬೆದರಿಸುತ್ತಾರೆ, ಆ ಬೆದರಿಕೆಯೇ ನಿಮಗೆ ಬೇಕಾದ ಸಾಕ್ಷಿ. ಸ್ಕ್ರೀನ್‌ಶಾಟ್ ಜೊತೆ ಆಪ್‌ಗೆ ರಿಪೋರ್ಟ್ ಮಾಡಿ, ರಿವ್ಯೂ ಹಾಕಿದರೆ ತೆಗೆಸಲು ಅದೇ ದಾರಿ. ವಿಡಿಯೋ ಅಂತ ಒತ್ತಿ ಹೇಳಿದ್ದಕ್ಕೆ ಕಾರಣ ಇದೆ. ಹರಿದ ಬಟ್ಟೆಯ ಫೋಟೋ ಈಗ ಎಐ ಬಳಸಿ ಒಂದು ನಿಮಿಷದಲ್ಲಿ ಮಾಡಬಹುದು. ಟ್ಯಾಗ್ ಕೈಯಲ್ಲಿ ಹಿಡಿದು, ಸೀರೆ ತಿರುಗಿಸಿ ತೋರಿಸುವ ವಿಡಿಯೋ ಮಾಡುವುದು ಅಷ್ಟು ಸುಲಭ ಅಲ್ಲ. ಒಂದು ಸಲ 500 ಕೊಟ್ಟರೆ ಈ ಮಾತು ಅವರ ಗುಂಪಿನಲ್ಲಿ ಹರಡುತ್ತದೆ. ಗುಂಪು ಅಂದದ್ದು ಸುಮ್ನೆ ಅಲ್ಲ. 2024ರಲ್ಲಿ ಮಿಂತ್ರಾ ಕಂಪನಿ ಬೆಂಗಳೂರು ಪೊಲೀಸರಿಗೆ ಕೊಟ್ಟ ದೂರು ಪತ್ರಿಕೆಗಳಲ್ಲಿ ಬಂದಿತ್ತು. ಸಾವಿರಾರು ಆರ್ಡರ್ ಮಾಡಿ, ಮಾಲು ಕಡಿಮೆ ಬಂತು, ಬೇರೆ ಬಂತು ಅಂತ ಹೇಳಿ ರೀಫಂಡ್ ತೆಗೆದುಕೊಂಡ ಆರೋಪ ಅದು, ಬೆಂಗಳೂರಿನ ಲೆಕ್ಕವೇ ಒಂದು ಕೋಟಿ ರೂಪಾಯಿಗೂ ಮೇಲೆ. ಅಷ್ಟು ದೊಡ್ಡ ಕಂಪನಿಗೇ ಹೀಗೆ ಆಗಿರುವಾಗ, ನಿಮಗೆ ಮೋಸ ಆಗಿದ್ದಕ್ಕೆ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಪೊಲೀಸರ ಹತ್ತಿರ ಹೋಗಬೇಕಾ? ಕಾನೂನಿನಲ್ಲಿ ಜಾಗ ಇದೆ. ಮೊದಲು 420 ಅನ್ನುತ್ತಿದ್ದ ವಂಚನೆ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 318. ಬೆದರಿಸಿ ಹಣ ಕೇಳುವುದಕ್ಕೆ ಕಲಂ 308 ಇದೆ. ಆದರೆ ಒಂದು ಸೀರೆಗೆ, ಬೇರೆ ರಾಜ್ಯದ ಗ್ರಾಹಕರ ಮೇಲೆ, ಠಾಣೆ ಅಲೆದರೆ ಹೋದ 3,200ಕ್ಕಿಂತ ಜಾಸ್ತಿ ಮಗ್ಗದ ದಿನಗಳು ಹಾಳಾಗುತ್ತವೆ ಅಂತ ನನ್ನ ಅಭಿಪ್ರಾಯ. ಅದೇ ವಿಳಾಸ ಅಥವಾ ಅದೇ ಫೋನ್ ನಂಬರ್‌ನಿಂದ ಮತ್ತೆ ಮತ್ತೆ ಆಗುತ್ತಿದ್ದರೆ, ಅಥವಾ ಮೊತ್ತ ದೊಡ್ಡದಿದ್ದರೆ ಬಿಡಬೇಡಿ. ಜಿಲ್ಲೆಯ ಸಿಇಎನ್ ಠಾಣೆಗೆ, ಅಂದರೆ ಸೈಬರ್ ಅಪರಾಧ ನೋಡುವ ಪೊಲೀಸ್ ಠಾಣೆಗೆ, ಎಲ್ಲ ದಾಖಲೆ ಜೋಡಿಸಿಕೊಂಡು ಹೋಗಿ. ಆಗ ಮೂಲ ವಿಡಿಯೋ ಬೇಕು ಅಂದದ್ದು ನೆನಪಾಗುತ್ತದೆ. ಕೋರ್ಟಿಗೆ ಎಲೆಕ್ಟ್ರಾನಿಕ್ ಸಾಕ್ಷಿ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು. ಫೈಲ್ ಬದಲಾಗಿಲ್ಲ ಅಂತ ತೋರಿಸಲು ಮೂಲವೇ ಕೈಯಲ್ಲಿ ಇದ್ದರೆ ಕೆಲಸ ಹಗುರ. ಅಂದ ಹಾಗೆ 1915 ಸಹಾಯವಾಣಿ ಗ್ರಾಹಕರಿಗೆ ಇರುವುದು. ಮಾರುವವರಾಗಿ ಅಲ್ಲಿಗೆ ಫೋನ್ ಮಾಡಿ ಸಮಯ ಕಳೆಯಬೇಡಿ.

ಒಂದು ಕೆಲಸ ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಸಿಟ್ಟಿನಲ್ಲಿ ಆ ಗ್ರಾಹಕರ ಹೆಸರು, ಫೋನ್ ನಂಬರ್, ಮನೆ ವಿಳಾಸ ಫೇಸ್‌ಬುಕ್‌ಗೆ ಹಾಕಿ ‘ಇವರ ಹತ್ತಿರ ಎಚ್ಚರ’ ಅಂತ ಬರೆಯುವುದು. ಸೆಲ್ಲರ್‌ಗಳ ವಾಟ್ಸಾಪ್ ಗುಂಪುಗಳಲ್ಲಿ ಇದು ಆಗಾಗ ಆಗುತ್ತದೆ. ಆ ವಿಳಾಸ ನಿಮಗೆ ಸಿಕ್ಕಿದ್ದು ಸೀರೆ ತಲುಪಿಸಲು. ಆಪ್‌ನವರು ನಿಮ್ಮ ಖಾತೆಯನ್ನೇ ಮುಚ್ಚಬಹುದು, ಆ ಗ್ರಾಹಕರು ನಿಮ್ಮ ಮೇಲೆ ಮಾನನಷ್ಟದ ಕೇಸ್ ಹಾಕಬಹುದು. ಮತ್ತೆ ಸೀರೆ ಬದಲಾಗಿದ್ದು ದಾರಿಯಲ್ಲಿ ಅಂತ ಆಮೇಲೆ ಗೊತ್ತಾದರೆ? ತಪ್ಪು ಮಾಡದ ಒಂದು ಹೆಣ್ಣುಮಗಳ ನಂಬರ್‌ಗೆ ರಾತ್ರಿಯೆಲ್ಲ ಫೋನ್ ಬರುತ್ತದೆ.

ಇನ್‌ಸ್ಟಾಗ್ರಾಮ್ ವ್ಯಾಪಾರದಲ್ಲಿ ಆಪ್‌ನ ರಕ್ಷಣೆ ಇಲ್ಲ, ನಿಮ್ಮ ನಿಯಮ ನೀವೇ ಮಾಡಿಕೊಳ್ಳಬೇಕು. ಯುಪಿಐ ಸ್ಕ್ರೀನ್‌ಶಾಟ್ ನೋಡಿ ಸೀರೆ ಕಳಿಸಬೇಡಿ. ನಕಲಿ ಸ್ಕ್ರೀನ್‌ಶಾಟ್ ಮಾಡಿಕೊಡುವ ಆಪ್‌ಗಳೇ ಇವೆ. ನಿಮ್ಮ ಬ್ಯಾಂಕ್ ಖಾತೆಯಲ್ಲಿ ಹಣ ಕಂಡರೆ ಮಾತ್ರ ಪ್ಯಾಕಿಂಗ್. ‘ತಪ್ಪಿ ಜಾಸ್ತಿ ಕಳಿಸಿಬಿಟ್ಟೆ, ಉಳಿದದ್ದು ವಾಪಸ್ ಹಾಕಿ’ ಅಂದರೂ ಮೊದಲು ಖಾತೆ ನೋಡಿ. ಹಣ ಹೋಗಿಯೇಬಿಟ್ಟರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಎಷ್ಟು ಬೇಗ ಮಾಡಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ. ಕ್ಯಾಷ್ ಆನ್ ಡೆಲಿವರಿ ಕೊಡಲೇಬೇಕು ಅಂದರೆ ಸ್ವಲ್ಪ ಮುಂಗಡ ತಗೊಳ್ಳಿ, ಹೋಗಿ ಬರುವ ಕೊರಿಯರ್ ಖರ್ಚು ದಾಟುವಷ್ಟು. ಬೆಲೆಬಾಳುವ ಸೀರೆಗೆ ಒಟಿಪಿ ಕೊಟ್ಟ ಮೇಲೆ ಡೆಲಿವರಿ ಮಾಡುವ ಕೊರಿಯರ್ ಆರಿಸಿ. ಸ್ಪೀಡ್ ಪೋಸ್ಟ್‌ನಲ್ಲೂ 2025ರ ಅಕ್ಟೋಬರ್‌ನಿಂದ ಸ್ವಲ್ಪ ಹೆಚ್ಚಿನ ಶುಲ್ಕಕ್ಕೆ ಒಟಿಪಿ ಡೆಲಿವರಿ ಇದೆ. ‘ನನಗೆ ತಲುಪಿಲ್ಲ’ ಅನ್ನುವ ಮಾತು ಅಲ್ಲಿಗೆ ನಿಲ್ಲುತ್ತದೆ.

ಪೇಮೆಂಟ್ ಗೇಟ್‌ವೇ ಹಾಕಿಕೊಂಡು ಕಾರ್ಡ್ ತಗೊಳ್ಳುತ್ತಿದ್ದರೆ ಚಾರ್ಜ್‌ಬ್ಯಾಕ್ ಅನ್ನುವುದು ಇದೆ. ಗ್ರಾಹಕರು ನಿಮಗೆ ಏನೂ ಹೇಳದೆ ನೇರ ತಮ್ಮ ಬ್ಯಾಂಕಿಗೆ ದೂರು ಕೊಡುತ್ತಾರೆ, ಬ್ಯಾಂಕ್ ಆ ಹಣವನ್ನು ನಿಮ್ಮ ಖಾತೆಯಿಂದ ಎಳೆದುಕೊಳ್ಳುತ್ತದೆ. ವೀಸಾ, ಮಾಸ್ಟರ್‌ಕಾರ್ಡ್‌ನಲ್ಲಿ ಹೆಚ್ಚಿನ ಕಾರಣಗಳಿಗೆ 120 ದಿನದವರೆಗೂ ಹೀಗೆ ಕೇಳಬಹುದು. ಆರು ತಿಂಗಳು ವಿಡಿಯೋ ಇಡಿ ಅಂದದ್ದು ಇದಕ್ಕೇ. ಗೇಟ್‌ವೇ ಇಂದ ಇಮೇಲ್ ಬರುತ್ತದೆ, ಉತ್ತರಕ್ಕೆ ಕೆಲವೇ ದಿನ ಕೊಡುತ್ತಾರೆ. ಬಿಲ್, ಡೆಲಿವರಿ ಪುರಾವೆ, ಗ್ರಾಹಕರ ಜೊತೆಗಿನ ಚಾಟ್ ಈ ಮೂರನ್ನು ಗಡುವಿನೊಳಗೆ ಹಾಕದಿದ್ದರೆ ನೀವು ಒಪ್ಪಿಕೊಂಡಂತೆ ಲೆಕ್ಕ. ಆ ಇಮೇಲ್ ಸ್ಪ್ಯಾಮ್‌ಗೆ ಹೋಗಿದೆಯಾ ಅಂತ ವಾರಕ್ಕೊಮ್ಮೆ ನೋಡಿ.

ಇಷ್ಟೆಲ್ಲ ಮಾಡಿದರೂ ಒಂದೆರಡು ಸೀರೆ ಹೋಗುತ್ತವೆ. ಅದನ್ನು ಬೆಲೆಯಲ್ಲೇ ಸೇರಿಸಿಡಿ. ನೂರು ಸೀರೆಯಲ್ಲಿ ಎರಡು ಹೋಯಿತು, ಒಂದರ ಅಸಲು 2,400 ಅಂತ ಇಟ್ಟುಕೊಂಡರೆ ನಷ್ಟ 4,800. ಉಳಿದ 98 ಸೀರೆಗೆ ಹಂಚಿದರೆ ಒಂದಕ್ಕೆ 49 ರೂಪಾಯಿ. 3,200ರ ಸೀರೆಯನ್ನು 3,260ಕ್ಕೆ ಇಟ್ಟರೆ ಕೊಳ್ಳುವವರು ಹಿಂದೆ ಸರಿಯುವುದಿಲ್ಲ. ನಿಮ್ಮ ಪ್ಯಾನೆಲ್‌ನಲ್ಲಿ ಕಳೆದ ಆರು ತಿಂಗಳ ಲೆಕ್ಕ ತೆಗೆದು ನಿಮ್ಮದೇ ಅಂಕಿ ಹಾಕಿ ನೋಡಿ. ಯಾವ ಸೀರೆಗೆ ರಿಟರ್ನ್ ಜಾಸ್ತಿ, ಯಾವ ಊರಿನಿಂದ ಜಾಸ್ತಿ ಅಂತಲೂ ಅಲ್ಲೇ ಕಾಣುತ್ತದೆ. ತುಂಬಾ ಬೆಲೆಯ ಸೀರೆಗಳನ್ನು ಆಪ್‌ನಿಂದ ತೆಗೆದು, ವಿಡಿಯೋ ಕಾಲ್‌ನಲ್ಲಿ ತೋರಿಸಿ ನೇರವಾಗಿ ಮಾರುವುದು ನಿಮ್ಮಂಥವರಿಗೆ ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ. ನೇಯ್ದವರ ಮುಖ ನೋಡಿ ಕೊಂಡವರು ಸುಳ್ಳು ರಿಟರ್ನ್ ಹಾಕುವುದು ಕಡಿಮೆ.

ಇನ್ನು ಲೆಕ್ಕಪತ್ರ. ಜಿಎಸ್‌ಟಿ ನೋಂದಣಿ ಇದ್ದರೆ ರೀಫಂಡ್ ಆದ ಮಾರಾಟಕ್ಕೆ ಕ್ರೆಡಿಟ್ ನೋಟ್ (ಬಿಲ್‌ನ ಮೊತ್ತ ಕಳೆಯುವ ದಾಖಲೆ) ಹಾಕಬೇಕು, ಇಲ್ಲದಿದ್ದರೆ ಬಾರದ ಹಣಕ್ಕೂ ತೆರಿಗೆ ಕಟ್ಟುತ್ತೀರಿ. ಆ ಹಣಕಾಸು ವರ್ಷ ಮುಗಿದ ಮೇಲಿನ ನವೆಂಬರ್ 30 ಅದಕ್ಕೆ ಕೊನೆ, ಅದಕ್ಕೂ ಮೊದಲೇ ವಾರ್ಷಿಕ ರಿಟರ್ನ್ ಸಲ್ಲಿಸಿದರೆ ಅಲ್ಲಿಗೇ ಮುಗಿಯಿತು. ಸೀರೆಯೂ ವಾಪಸ್ ಬಂದಿಲ್ಲವಾದ್ದರಿಂದ ಅದು ಕಳೆದುಹೋದ ಮಾಲು, ಅದರ ಮೇಲೆ ತಗೊಂಡ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯ ವಜಾ) ಬಿಟ್ಟುಕೊಡಬೇಕಾಗುತ್ತದೆ. ಕ್ಲೇಮ್ ಗೆದ್ದು ಆಪ್‌ನವರು ಪರಿಹಾರ ಕೊಟ್ಟರೆ ಅದನ್ನು ಹೇಗೆ ತೋರಿಸಬೇಕು ಅನ್ನುವುದನ್ನು ನಿಮ್ಮ ಆಡಿಟರ್ ಹತ್ತಿರ ಈ ತಿಂಗಳೇ ಕೇಳಿ, ಆ ಹಳೆ ಪವರ್‌ಲೂಮ್ ಸೀರೆಯನ್ನೂ ಕ್ಲೇಮ್ ಪೂರ್ತಿ ಮುಗಿಯುವವರೆಗೆ ಅದೇ ಕವರ್, ಅದೇ ಲೇಬಲ್ ಸಮೇತ ಎತ್ತಿಡಿ.